ಬಿಡೋ ದಿನವಿಲ್ಲದ ಒಪ್ಪತ್ತು

“ಅಯ್ಯೋ ಗಿರಿಯವ್ವ, ಏನೇ ಇಷ್ಟು ಬಡವಾಗಿದೀಯ! ಗಂಡನ ಮನೇಲಿ ಉಣ್ಣಾಕೆ ಇಕ್ಕಲ್ವೇನೇ?”

ಗಿರಿಯಮ್ಮ ಗಂಡನ ಊರು ದುರ್ಗದಿಂದ ಬಂದ ಬಸ್ಸಿಳಿದು ತಾಳ್ಯದ ತವರುಮನೆಯ ಜಗುಲಿ ಮೇಲೆ ಬ್ಯಾಗು ಇಡುವ ಮೊದಲೇ ಅತ್ತಿಗೆ ನಿಂಗಕ್ಕನ ಬಾಯಿಂದ ಬಂದ ಸ್ವಾಗತ ಇದು. ಸಣ್ಣಗಾದರೆ ನಮ್ಮ ಕಡೆ ಬಡವಾದಳು ಅಂತಲೇ ಅನ್ನೋದು, ಮನೆಯ ಮರ್ಯಾದೆಯೂ ಜೊತೆಗೇ ಕರಗಿದ ಹಾಗೆ.

ಗಿರಿಯಮ್ಮ ನಕ್ಕಳು. ಮೈ ಇಳಿಸುವುದು ಅವಳಿಗೆ ಹೊಸದಲ್ಲ, ಈ ಮೊದಲು ಎರಡು ಸಲ ಇಳಿಸಿದ್ದಳು. ಒಮ್ಮೆ ಶ್ರಾವಣದ ಒಪ್ಪತ್ತು ಹಿಡಿದು, ಒಮ್ಮೆ ಮೈದುನನ ಮದುವೆಯ ರೇಷ್ಮೆ ಸೀರೆಗಾಗಿ. ಶ್ರಾವಣ ಮುಗಿಯಿತು, ಹೋಳಿಗೆ ಬಂತು. ಮದುವೆ ಮುಗಿಯಿತು, ಮಿಕ್ಕ ಲಾಡು ಬಂತು. ಇಳಿದದ್ದೆಲ್ಲ ಬಡ್ಡಿ ಸಮೇತ ಹತ್ತಿತು. ಈ ಸಲ ಮೆಟ್ಟಿಲು ಹತ್ತಲಾಗದಷ್ಟು ಮೊಣಕಾಲು ಹಿಡಿದಾಗ ದಿನಾ ಬೆಳಗ್ಗೆ ದುರ್ಗದ ಕೋಟೆ ಬಾಗಿಲವರೆಗೆ ನಡೆದು, ಹೊತ್ತು ಹೊತ್ತಿಗೆ ಚಿಕ್ಕ ಮುದ್ದೆ ಉಂಡು ಇಳಿಸಿದ್ದಳು. ವರ್ಷವಾಗಿತ್ತು. ಕಾಲು ಸುಮ್ಮನಿತ್ತು. ಉಳಿದಿದ್ದ ಹೆದರಿಕೆ ಒಂದೇ, ತವರಿನ ಈ ವಾರ ಮತ್ತು ನಿಂಗಕ್ಕನ ಕೈ.

ಮಧ್ಯಾಹ್ನ ಹುರುಳಿ ಸಾರು, ತೆಂಗಿನಕಾಯಿ ಗಾತ್ರದ ಮುದ್ದೆ. ಒಂದು ಮುಗಿಯಿತೋ ಇಲ್ಲವೋ ಇನ್ನೊಂದು ಬಂತು.

“ಸಾಕು ಅತ್ತಿಗೆ.”

“ಸಾಕು ಅಂದ್ರೆ ನಾಚ್ಕೆ ಅಂತ ನಂಗೊತ್ತಿಲ್ವಾ? ಕೈ ತೆಗಿ.”

ಗಿರಿಯಮ್ಮ ತಟ್ಟೆ ಮೇಲಿನ ಕೈ ತೆಗೆಯಲಿಲ್ಲ. ಮುದ್ದೆಯ ಬಿಸಿ ಹತ್ತಿರವಾದಾಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: “ಒಪ್ಪತ್ತು ಹಿಡಿದೀನಿ ಅತ್ತಿಗೆ. ದ್ಯಾವ್ರಿಗೆ.”

ನಿಂಗಕ್ಕನ ಕೈ ಗಾಳಿಯಲ್ಲೇ ನಿಂತಿತು. “ಮೊದಲೇ ಹೇಳಬಾರ್ದಾ ತಾಯೀ!” ಎಂದು ಮುದ್ದೆಯನ್ನು ವಾಪಸು ಒಯ್ದಳು. ಗಿರಿಯಮ್ಮ ಉಸಿರು ಬಿಟ್ಟಳು, ಇಷ್ಟು ಸುಲಭಾನಾ!

ಸುಲಭ ಅಲ್ಲ ಅಂತ ಸಂಜೆ ತಿಳಿಯಿತು. ಒಪ್ಪತ್ತು ಅಂದರೆ ಒಂದೇ ಹೊತ್ತು. ಎಲ್ಲರಿಗೂ ತಟ್ಟೆ ಬಿತ್ತು, ಅವಳಿಗೆ ಬೀಳಲಿಲ್ಲ. ಬೆಳ್ಳುಳ್ಳಿ ಒಗ್ಗರಣೆ ಮೂಗಿಗೆ ಬಡಿಯುತ್ತಿದ್ದರೂ ಮಣೆ ಕೊಡುವವರಿಲ್ಲ. ಹಸಿವು ತಡೆಯದೆ ಕೋಣೆಗೆ ಹೋಗಿ, ತವರಿಗೆಂದು ಬ್ಯಾಗಿನಲ್ಲಿ ತಂದಿದ್ದ ನಿಪ್ಪಟ್ಟಿನ ಡಬ್ಬಿ ಬಿಚ್ಚಿದಳು. ಒಂದು ತಿಂದಳು. ಮೆಲ್ಲಗೆ ತಿಂದರೆ ಕರಕರ ಸದ್ದು ಮುಗಿಯದು, ಬೇಗ ತಿಂದರೆ ಇನ್ನೊಂದು ಬೇಕು. ಡಬ್ಬಿಯ ತಳ ಕಾಣುವ ಹೊತ್ತಿಗೆ ಬಾಗಿಲಲ್ಲಿ ನಿಂಗಕ್ಕ.

“ಇದ್ಯಾವ ದ್ಯಾವ್ರೇ, ಮುದ್ದೆ ಬ್ಯಾಡ, ನಿಪ್ಪಟ್ಟು ತಿನ್ನು ಅಂದಿದ್ದು?”

ಗಿರಿಯಮ್ಮನ ಬಾಯಿ ತುಂಬ ನಿಪ್ಪಟ್ಟು. ನುಂಗಿ, ನಗು ಬಂದು, ಕೊನೆಗೆ ಕಣ್ಣೀರೂ ಬಂತು. “ಸುಳ್ಳು ಹೇಳ್ದೆ ಅತ್ತಿಗೆ. ಮತ್ತೆ ದಪ್ಪಗಾದ್ರೆ ಕಾಲು ಹಿಡಿಯುತ್ತೆ ಅಂತ ಭಯ ನಂಗೆ.”

“ಅಂಗಾದ್ರೆ ಎಷ್ಟು ದಿನ ಕಮ್ಮಿ ಉಣ್ಬೇಕು? ಬಿಡೋ ದಿನ ಹೇಳು, ಅವತ್ತು ಹೋಳಿಗೆ ಮಾಡ್ತೀನಿ.”

“ಬಿಡೋ ದಿನ ಇಲ್ಲ. ಬಿಡೋ ದಿನ ಇದ್ದಿದ್ದಕ್ಕೇ ಎರಡು ಸಲ ಊದ್ಕಂಡಿದ್ದು.”

ನಿಂಗಕ್ಕನ ಮುಖ ಚಿಕ್ಕದಾಯಿತು. “ಇನ್ಮೇಲೆ ನನ್ನ ಕೈ ಊಟ ಬ್ಯಾಡ ಅಂದಂಗಾತು.”

“ಬೇಕು ಅತ್ತಿಗೆ. ನಾಳೇನೂ ಬೇಕು, ನಾಡಿದ್ದೂ ಬೇಕು. ದಿನಾ ಉಣ್ಣಬೇಕು ಅಂತಾನೇ ಒಂದೇ ದಿನಕ್ಕೆ ಎಲ್ಲಾ ಬ್ಯಾಡ ಅಂತಿರೋದು.”

ಮಾತು ಮುಗಿಸಿ ಉತ್ತರಕ್ಕೆ ಕಾಯಲಿಲ್ಲ. ಅಡುಗೆಮನೆಗೆ ಹೋಗಿ, ಕೈ ಒದ್ದೆ ಮಾಡಿಕೊಂಡು, ಪಾತ್ರೆಯಲ್ಲಿ ಮಿಕ್ಕ ಬಿಸಿ ಹಿಟ್ಟಿನಿಂದ ತನ್ನ ಮುದ್ದೆ ತಾನೇ ಕಟ್ಟಿದಳು. ಕುರಿಹಟ್ಟಿಯಿಂದ ಆಗ ತಾನೇ ಬಂದ ಅಣ್ಣ ಕರಿಸಿದ್ದಪ್ಪ ಇಣುಕಿ, “ಏನವ್ವಾ ಇದು, ಮುದ್ದೆಯೋ ನಿಂಬೆಹಣ್ಣೋ?” ಎಂದ.

“ಸುಮ್ನಿರ್ರಿ,” ನಿಂಗಕ್ಕ ಗಂಡನನ್ನು ಗದರಿಸಿದಳು. “ಮನೆ ಮಗಳು, ಅವಳ ಮುದ್ದೆ ಅವಳು ಕಟ್ಕತಾಳೆ.” ನಾದಿನಿಗೆ ಮಣೆ ಹಾಕಿ ಸಾರು ಬಿಟ್ಟಳು. ಅಷ್ಟಕ್ಕೆ ಸುಮ್ಮನಿರಲಾಗದೆ ಕೇಳಿದಳು: “ತುಪ್ಪಾನಾದ್ರೂ?”

“ಹಾಕು, ಒಂದು ಚಮಚ.”

ನಿಂಗಕ್ಕ ಸೌಟಿಗೆ ಕೈ ಹಾಕಿದಳು. ಗಿರಿಯಮ್ಮ ನೋಡುತ್ತಲೇ ಇದ್ದಳು. ನಿಂಗಕ್ಕ ಒಂದು ಗಳಿಗೆ ಯೋಚಿಸಿ, ಸೌಟನ್ನು ಅಲ್ಲೇ ಬಿಟ್ಟು, ಚಮಚ ಹುಡುಕತೊಡಗಿದಳು.