ಚಕ್ರವರ್ತಿಯ ಕಿವಿಯ ಕೆಳಗಿನ ಗೆರೆ

ಆಕೆ ನಡೆಯುವುದನ್ನು ಕಂಡವರಿಗೆ, ಪಾಪ, ಏನೋ ಕಳೆದುಕೊಂಡು ಹುಡುಕುತ್ತಿದ್ದಾಳೆ ಎನಿಸಬೇಕು: ತಲೆ ತಗ್ಗಿಸಿ, ದೃಷ್ಟಿಯನ್ನು ನೆಲಕ್ಕೆ ಕೀಲಿಸಿ, ಮಾಸಲು ಕೋಟಿನ ಜೇಬುಗಳಿಗೆ ಕೈ ಇಳಿಬಿಟ್ಟು ಹೊರಟಳೆಂದರೆ ಎದುರಿಗೆ ಆನೆ ಬಂದರೂ ಸರಿಯುವವಳಲ್ಲ. ಒಂದು ಜೇಬಿನಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಮೊಂಡು ಪೆನ್ಸಿಲು. ವಸ್ತುಸಂಗ್ರಹಾಲಯದವರು ಬೆನ್ನ ಹಿಂದೆ ಕಿಲುಬಮ್ಮ ಎನ್ನುತ್ತಾರೆ. ಅದು ಕಿವಿಗೆ ಬಿದ್ದ ದಿನ ಆಕೆ ಬಿರುದು ಸಿಕ್ಕಷ್ಟು ಬೀಗಿದಳು.

ಕಿಲುಬು ಹಿಡಿದ ಕಂಚಿನ ಬಿಲ್ಲೆಗಳಿಗೆ ಊರು, ಕಾಲ ಹುಡುಕಿಕೊಡುವುದೇ ಆಕೆಯ ಕಾಯಕ. ರೋಮನ್ ಸಾಮ್ರಾಜ್ಯದ ದೂರದ ಪ್ರಾಂತ್ಯಗಳಲ್ಲಿ ಎಷ್ಟೋ ಪಟ್ಟಣಗಳು ತಮ್ಮದೇ ನಾಣ್ಯ ಅಚ್ಚು ಹಾಕುತ್ತಿದ್ದವು. ಮುಂದೆ ಚಕ್ರವರ್ತಿಯ ಮುಖ, ಹಿಂದೆ ಊರ ದೇವತೆ, ವರ್ಷ ಹಾಕಿದರೆ ಹಾಕಿದರು, ಬಿಟ್ಟರೆ ಬಿಟ್ಟರು. ವರ್ಷವಿಲ್ಲದ ಅಂಥದೊಂದು ನಾಣ್ಯವನ್ನು, ಗಡ್ಡವಿಲ್ಲದ ಎಳೆಯ ಮುಖ ನೋಡಿ, ಆಳ್ವಿಕೆಯ ಮೊದಲ ವರ್ಷದ್ದೆಂದು ತೀರ್ಮಾನಿಸಿ, ಆ ಬುನಾದಿಯ ಮೇಲೆ ಒಂದಿಡೀ ಪಟ್ಟಣದ ನಾಣ್ಯಗಳ ಕಾಲಾನುಕ್ರಮವನ್ನು ಕಟ್ಟಿ ಆಕೆ ಪುಸ್ತಕ ಬರೆದಿದ್ದಳು. ಜೀವಮಾನದ ಒಂದೇ ಪುಸ್ತಕ.

ಆ ನಾಣ್ಯದ ಫೋಟೋ ತೆಗೆದವನು ಸಂಗ್ರಹಾಲಯದ ಛಾಯಾಗ್ರಾಹಕ, ಆಕೆಯ ಒಡಹುಟ್ಟಿದ ತಮ್ಮ. ಚಕ್ರವರ್ತಿಯ ಕಿವಿಯ ಕೆಳಗಿದ್ದ ಸಣ್ಣ ಗೆರೆಯನ್ನು ಆಕೆ ಬರಿಯ ಗೀರೆಂದು ಬಿಟ್ಟಿದ್ದಳು. "ಅಕ್ಕ, ಕಿವಿ ಕೆಳಗಿರೋದು ಗೀರಲ್ಲ. ನೆರಳು ನೋಡು, ಗೆರೆ ಉಬ್ಬಿದೆ," ಎಂದಿದ್ದ.

"ಫೋಟೋ ತೆಗೆಯೋದು ನಿನ್ನ ಕೆಲಸ, ಕಾಲ ಹೇಳೋದು ನಂದು," ಎಂದು ಆಕೆ ಬಾಯಿ ಮುಚ್ಚಿಸಿದ್ದಳು. ಆಮೇಲೆ ಹನ್ನೊಂದು ವರ್ಷ, ಒಂದೇ ಕೋಣೆಯಲ್ಲಿ ಕೂತರೂ, ಆತ ನಾಣ್ಯಗಳ ಬಗ್ಗೆ ತುಟಿಪಿಟಿಕ್ಕೆನ್ನಲಿಲ್ಲ.

ಮೊನ್ನೆ ಬೆಳಿಗ್ಗೆ, ಹೊಸದಾಗಿ ಬಂದ ಪೆಟ್ಟಿಗೆಯಲ್ಲಿ ಅದೇ ಪಟ್ಟಣದ ಇನ್ನೊಂದು ನಾಣ್ಯ ಸಿಕ್ಕಿತು. ಅದೇ ಎಳೆಯ ಮುಖ, ಕಿವಿಯ ಕೆಳಗೆ ಅದೇ ಗೆರೆ. ಹಿಂಬದಿಯಲ್ಲಿ ಮಾತ್ರ ಸ್ಪಷ್ಟವಾಗಿ ಆಳ್ವಿಕೆಯ ಹದಿನೈದನೆಯ ವರ್ಷ. ಆಕೆ ತಡಮಾಡದೆ ಹಳೆಯದನ್ನು ಹೊರತೆಗೆದು, ತಮ್ಮ ಮಾಡುವ ಹಾಗೆಯೇ, ಓರೆಯಾಗಿ ಬೆಳಕು ಬಿಟ್ಟಳು. ಗೀರಾಗಿದ್ದರೆ ತಗ್ಗಿರಬೇಕಿತ್ತು. ಉಬ್ಬಿತ್ತು! ಬಿರುಕು ಬಿಟ್ಟಿದ್ದು ನಾಣ್ಯವಲ್ಲ, ಅದನ್ನು ಒತ್ತಿದ ಅಚ್ಚು; ಆ ಬಿರುಕಿಗೆ ಲೋಹ ನುಗ್ಗಿ ಗೆರೆ ಎದ್ದಿತ್ತು. ಬಿರುಕು ಬಿಟ್ಟ ಅಚ್ಚು ಹೆಚ್ಚು ದಿನ ಬಾಳದು, ಆದ್ದರಿಂದ ಅದೇ ಬಿರುಕು ಹೊತ್ತ ಎರಡೂ ನಾಣ್ಯ ಒಂದೇ ಕಾಲದವು. ರಾಜಧಾನಿಯಲ್ಲಿ ಚಕ್ರವರ್ತಿಗೆ ಗಡ್ಡ ಬೆಳೆದು ವರ್ಷಗಳೇ ಆಗಿದ್ದರೂ, ಸುದ್ದಿ ತಿಳಿಯದ ಆ ಊರಿನ ಅಚ್ಚುಗಾರ ಹಳೆಯ ಮುಖವನ್ನೇ ಕೆತ್ತುತ್ತ ಕೂತಿದ್ದ.

ಪುಸ್ತಕವೆಲ್ಲ ಬುಡಮೇಲು. ಹೊಸ ನಾಣ್ಯವನ್ನು ಮೆಲ್ಲಗೆ ಪೆಟ್ಟಿಗೆಯ ತಳಕ್ಕೆ ತಳ್ಳಿಬಿಡೋಣವೆಂದು ಒಂದು ಗಳಿಗೆ ಆಕೆಯ ಮನಸ್ಸೂ ಹೊಯ್ದಾಡಿತು. ಮರುಗಳಿಗೆ ಕೋಣೆ ಅದುರುವಂತೆ ಕೂಗಿದಳು: "ಲೋ, ಬಾರೋ ಇಲ್ಲಿ! ನಂದು ತಪ್ಪು ಕಣೋ! ಹದಿನಾಲ್ಕು ವರ್ಷ ತಪ್ಪು!"

ತಮ್ಮ ಬಗ್ಗಿ ನೋಡಿದ. ನಗು ತಡೆದುಕೊಂಡು, "ನಾನೇನು ಹೇಳಲಿ, ಅಕ್ಕ? ಕಾಲ ಹೇಳೋದು ನಿನ್ನ ಕೆಲಸ," ಎಂದ.

"ಇವತ್ತಿಂದ ನಿಂದೂ," ಎಂದವಳೇ ಪುಸ್ತಕ ಬಿಚ್ಚಿ, ಯಾರಿಗೂ ಮುಟ್ಟಲು ಬಿಡದ ಆ ಮೊಂಡು ಪೆನ್ಸಿಲನ್ನು ಅವನ ಕೈಗಿಟ್ಟಳು. ಅವನು ತಪ್ಪು ವರ್ಷವನ್ನು ಹೊಡೆದುಹಾಕುತ್ತಿದ್ದರೆ ಆಕೆಯ ಕಣ್ಣು ತುಂಬಿಬಂತು. ಖುಷಿ ಮಾತ್ರ ತಡೆಯಲಾಗಲಿಲ್ಲ.

ಸಾವಿರಾರು ವರ್ಷಗಳ ಹಿಂದಿನ ಸತ್ಯವನ್ನು ಅರಸಿ ಹೊರಟ ಇಂಥವರಿಗೆ, ಹನ್ನೊಂದು ವರ್ಷ ಹಳೆಯದಾದ ಸ್ವಂತ ತಪ್ಪು ಸಿಕ್ಕರೆ ಅದೂ ಒಂದು ನಿಧಿಯೇ. ಅದನ್ನು ಒಬ್ಬರೇ ಇಟ್ಟುಕೊಳ್ಳಲು ಅವರಿಗೆ ಬರುವುದಿಲ್ಲ.