ಕಣ್ಣೀರು ಬಾರದವಳು

ಎಲುಬಿಲ್ಲದ ನಾಲಿಗೆ ನನ್ನದು. ತೊಂಬತ್ತೈದನೇ ಇಸವಿಯ ಬೇಸಿಗೆಯಲ್ಲಿ ಸೊಸೆ ಚಂದ್ರಕಲಾಳ ಚೊಚ್ಚಲ ಕೂಸು ಎಂಟನೇ ತಿಂಗಳಿಗೆ ಹೊಟ್ಟೆಯಲ್ಲೇ ಹೋಯಿತು. ಕುಪ್ಪಗಡ್ಡೆಯ ಹೆಂಗಸರೆಲ್ಲ ಅವಳ ಕೊರಳು ತಬ್ಬಿ ಅತ್ತರು. ಹೆತ್ತವಳ ಕಣ್ಣು ಮಾತ್ರ ಒಣಗಿತ್ತು. "ಕಲ್ಲೆದೆ ಕಣ್ರೇ ಇವಳದು, ಒಂದು ಹನಿನೂ ಇಲ್ಲ" ಎಂದು ಎಲ್ಲರೆದುರಿಗೇ ಅಂದೆ. ಆ ಮಾತನ್ನು ಊರು ಹಿಡಿದುಕೊಂಡಿತು.

ಆಮೇಲೂ ನಾನು ಬಿಡಲಿಲ್ಲ. ರೊಟ್ಟಿಯ ಪ್ರತಿ ತುತ್ತಿಗೂ ನೀರು ಕುಡಿಯುತ್ತಿದ್ದಳು. ತವರಿನ ಕೆರೆ ಬತ್ತಿಸಿ ಬಂದಿದ್ದೀಯೇನೇ ಎಂದು ಹಂಗಿಸುತ್ತಿದ್ದೆ. ಕಣ್ಣಲ್ಲಿ ಮರಳು ಬಿದ್ದ ಹಾಗಿದೆ ಅತ್ತೆ ಎಂದರೆ, ಕೆಲಸಗಳ್ಳಿಯ ನೆಪ ಎಂದುಕೊಳ್ಳುತ್ತಿದ್ದೆ.

ಎರಡು ವರ್ಷದ ಮೇಲೆ ಮತ್ತೆ ಬಸುರಾದಳು. ಆರನೇ ತಿಂಗಳಲ್ಲಿ ನರ್ಸ್ ಶಕುಂತಲಮ್ಮ ಮನೆಗೆ ಬಂದು, ಹೊಟ್ಟೆಯ ಮೇಲೆ ಕೊಳವೆಯಿಟ್ಟು ಕಿವಿ ಹಚ್ಚಿದರು. ಗಡಿಯಾರ ನೋಡಿದರು. ಮತ್ತೆ ಹಚ್ಚಿದರು. ನಗುತ್ತ ಬಂದವರ ಮುಖ ಬಿಗಿಯಿತು.

"ಬಡಿತ ಐವತ್ತೆಂಟೇ ಐತಲ್ರಿ."

"ತಾಯಿದು ಕೇಳ್ತಿರಬೇಕು ನರ್ಸಮ್ಮ" ಎಂದೆ.

ಅವರು ಸೊಸೆಯ ಮಣಿಕಟ್ಟು ಹಿಡಿದುಕೊಂಡೇ ಇನ್ನೊಮ್ಮೆ ಆಲಿಸಿದರು. "ತಾಯಿದು ತೊಂಬತ್ತು. ಕೂಸಿಂದು ನೂರಾ ನಲವತ್ತಾದ್ರೂ ಇರಬೇಕಿತ್ತು ಗುಡ್ಡಮ್ಮೋರೆ. ನಾಳೆನೇ ಶಿವಮೊಗ್ಗಕ್ಕೆ ಹೊರಡ್ರಿ."

ಶಿಕಾರಿಪುರದಲ್ಲಿ ಬಸ್ಸು ಬದಲಿಸಿ ಹೋದೆವು. ಡಾಕ್ಟರಮ್ಮ ರಕ್ತ ತೆಗೆದು ದೂರದ ಊರಿಗೆ ಕಳಿಸಿದರು. ವಾರ ಬಿಟ್ಟು ಮತ್ತೆ ಹೋದಾಗ ಅಲ್ಲಿಂದ ಬಂದ ಚೀಟಿ ಓದಿ ಕೇಳಿದರು, "ಅತ್ತರೆ ಕಣ್ಣೀರು ಬರುತ್ತೇನಮ್ಮ?"

ಚಂದ್ರಕಲಾ ನನ್ನತ್ತ ನೋಡಿದಳು. "ಬಂದು ಮೂರು ವರ್ಷ ಆಯ್ತು."

ಡಾಕ್ಟರಮ್ಮ ಬಿಡಿಸಿ ಹೇಳಿದರು. ರೋಗ ತಡೆಯಬೇಕಾದ ರಕ್ತದ ಕಾವಲು ಇವಳ ಮೈಯ ಮೇಲೇ ತಿರುಗಿಬಿದ್ದಿದೆ. ಕಣ್ಣು, ಬಾಯಿ ಒಣಗಿಸಿದ್ದು ಅದೇ. ಈಗ ಹೊಕ್ಕುಳಬಳ್ಳಿಯಿಂದ ಇಳಿದು ಕೂಸಿನ ಹೃದಯದೊಳಗೆ ಬಡಿತ ಸಾಗುವ ದಾರಿಯನ್ನು ಕಡಿದಿದೆ. ಕಡಿದದ್ದು ಮತ್ತೆ ಕೂಡುವುದಿಲ್ಲ.

"ಮೊದಲನೇದೂ ಹೀಗೇ ಹೋಗಿರಬೇಕು. ಕಣ್ಣು ಒಣಗಿದೆ ಅಂತ ಆಗಲೇ ಯಾರಾದರೂ ಹೇಳಿದ್ದರೆ, ಈ ಸಲ ನಾಲ್ಕನೇ ತಿಂಗಳಿಂದಲೇ ಬಡಿತ ನೋಡ್ತಾ ಕೂಸನ್ನ ಕಾಯಬಹುದಿತ್ತು."

ಹೇಳಿದ್ದೆನಲ್ಲ. ಊರಿಗೆಲ್ಲ ಹೇಳಿದ್ದೆ.

ಅವರು ಹೊಟ್ಟೆಯ ಮೇಲೆ ಯಂತ್ರವಿಟ್ಟು ಮತ್ತೆ ಎಣಿಸಿದರು. ಐವತ್ತೊಂದು. ನನಗೆ ಅಳು ಒತ್ತರಿಸಿ ಬಂತು. ತಡೆಯಲು ಸೆರಗು ಬಾಯಿಗೊತ್ತಿಕೊಂಡೆ.

ಮಲಗಿದ್ದ ಚಂದ್ರಕಲಾ ಕೈಚಾಚಿ ಆ ಸೆರಗನ್ನು ಸರಿಸಿದಳು. ಅವಳ ಕಣ್ಣು ಕೆಂಪಗೆ, ಒಣಗಿಕೊಂಡೇ ಇತ್ತು.

"ತಡೀಬೇಡಿ ಅತ್ತೆ" ಎಂದಳು. "ನನ್ನ ಪಾಲಿಂದೂ ನೀವೇ ಅಳಿ."