ಮೂರು ದಿನ ತಡೆಯಿರಿ

ಹೆದರಿಕೆಯಲ್ಲಿ ಯಾವ ತೀರ್ಮಾನಕ್ಕೂ ಬರಬೇಡಿ. ಒಂದು ಹಾಳೆ ತೆಗೆದುಕೊಂಡು ಎಡಕ್ಕೆ ಹೆದರಲು ಕಾರಣ, ಬಲಕ್ಕೆ ಹೆದರದಿರಲು ಕಾರಣ ಬರೆಯಿರಿ. ಮೂರು ದಿನ ತಡೆಯಿರಿ, ಆಮೇಲೆ ನೋಡೋಣ. ಇದನ್ನು ಬರೆದವನು ನಾನೇ. ತತ್ವಶಾಸ್ತ್ರವನ್ನು ಜನಸಾಮಾನ್ಯರಿಗೆ ಮುಟ್ಟಿಸುತ್ತೇನೆಂದು ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಪತ್ರಿಕೆಯ ಅರ್ಧ ಪುಟ ತುಂಬಿಸುತ್ತಿರುವ ಮಹಾನುಭಾವ. ನನ್ನ ಬಾಯಿಗೆ ಮಣ್ಣು ಬೀಳ!

ಆ ಜನಸಾಮಾನ್ಯರ ಪೈಕಿ ಒಂದಕ್ಷರ ಬಿಡದೆ ನನ್ನನ್ನು ಓದುತ್ತಿದ್ದವಳು ಬಹುಶಃ ನನ್ನ ಅಕ್ಕ ಒಬ್ಬಳೇ. ಭಾವನದು ಹೊಲಿಗೆ ಅಂಗಡಿ. ಅವರು ಕತ್ತರಿಸಿ ಹೊಲಿದರೆ ಅಕ್ಕ ಕಾಜಾ ಮಾಡಿ ಗುಂಡಿ ಹಾಕುತ್ತಾಳೆ. ನನ್ನ ಲೇಖನಗಳನ್ನು ಅಂಗಡಿಯ ಕನ್ನಡಿಯ ಪಕ್ಕ ಗುಂಡುಸೂಜಿಯಿಂದ ಚುಚ್ಚಿಡುತ್ತಿದ್ದಳು. ಭಾವನಿಗೆ ನಗು.

“ನಿನ್ನ ತಮ್ಮನ ಮಾತು ಕೇಳಿ ಮೂರು ದಿನ ತಡೆದು ಬಟ್ಟೆ ಕತ್ತರಿಸಿದ್ರೆ ಗಿರಾಕಿ ಬರಿಮೈಲಿ ಮದುವೆಗೆ ಹೋಗ್ಬೇಕು ಕಣೇ!”

ಕಳೆದ ಸೋಮವಾರ ಭಾವ ಹೊರಗೆ ಹೋಗಿದ್ದಾಗ, ಗುಂಡಿ ಹಾಕುತ್ತಿದ್ದ ಅಕ್ಕನ ಎಡಗೈಯಿಂದ ಅಂಗಿ ಜಾರಿಬಿತ್ತು. ಬೆರಳು ಜೋಮು ಹಿಡಿದಿತ್ತು, ಮಾತು ತೊದಲಿತು. ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಯಿತು. ಅವಳು ಹಾಳೆ ತೆಗೆದಳು. ಎಡಕ್ಕೆ ಬರೆದದ್ದು: ಕೈಯಿಂದ ಅಂಗಿ ಬಿತ್ತು, ಕೈ ಜೋಮು, ಮಾತು ತೊದಲು, ಬಾಯಿ ಸೊಟ್ಟ ಆದ ಹಾಗೆ. ಬಲಕ್ಕೆ: ಅರ್ಧ ಗಂಟೆಯಲ್ಲಿ ಸರಿಹೋಯಿತು, ಹೋದ ವರ್ಷವೂ ಜೋಮು ಬಂದು ಹೋಗಿತ್ತು, ಶುಕ್ರವಾರಕ್ಕೆ ಹದಿನಾಲ್ಕು ಅಂಗಿ ಕೊಡಬೇಕು, ಹೆದರುವುದು ನನ್ನ ಹುಟ್ಟುಗುಣ. ಇದೆಲ್ಲ ನಮಗೆ ಗೊತ್ತಾದದ್ದೇ ಭಾವನಿಗೆ ಆಮೇಲೆ ಸಿಕ್ಕಿದ ಆ ಹಾಳೆಯಿಂದ; ಅದನ್ನು ನಾನೂ ಓದಿದ್ದೇನೆ.

ಗಂಡನಿಗೆ ಹೇಳದೆ ಅವಳು ಅವತ್ತು ನನಗೆ ಫೋನ್ ಮಾಡಿದ್ದಳು. “ನೀನು ಬರೆದ ಹಾಗೇ ಮಾಡ್ತಿದ್ದೀನಿ ಕಣೋ. ಹೆದರಿಕೆ ಎಷ್ಟೋ ಕಮ್ಮಿ ಆಯ್ತು.”

ಯಾತರ ಹೆದರಿಕೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಹೊಗಳಿಕೆಗೆ ಉಬ್ಬಿಹೋಗಿ “ಭೇಷ್ ಅಕ್ಕಾ” ಅಂದೆ.

ಗುರುವಾರ ಬೆಳಿಗ್ಗೆ ಅವಳು ಅಂಗಡಿಯಲ್ಲೇ ಕುಸಿದುಬಿದ್ದಳು. ಆಸ್ಪತ್ರೆಗೆ ಸೇರಿಸಿದ ಮೇಲೂ ಕಣ್ಣು ಬಿಡಲಿಲ್ಲ.

ಶನಿವಾರ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕರೆದರು. “ಸೋಮವಾರ ಆಗಿದ್ದು ಸ್ಟ್ರೋಕಿನ ಮುನ್ಸೂಚನೆ. ಅವತ್ತೇ ಬಂದಿದ್ರೆ ಬಹುಶಃ ಔಷಧಿಯಲ್ಲೇ ತಡೀಬಹುದಿತ್ತು. ಈಗ ಮಿದುಳು ಊದ್ಕೊಂಡಿದೆ. ಆಪರೇಷನ್ ಮಾಡಿದ್ರೆ ಜೀವ ಉಳಿದ್ರೂ ಉಳೀಬಹುದು, ಆದ್ರೆ ಎದ್ದು ಕೂತು ನಿಮ್ಮನ್ನ ಗುರುತು ಹಿಡೀತಾರೆ ಅಂತ ಹೇಳೋಕಾಗಲ್ಲ. ಮಾಡ್ದಿದ್ರೆ ಇವತ್ತೋ ನಾಳೆಯೋ ಅಷ್ಟೇ. ಅರ್ಧ ಗಂಟೇಲಿ ಹೇಳಿ.”

ಹೊರಗೆ ಬೆಂಚಿನ ಮೇಲೆ ಕುಳಿತೆವು. ಭಾವ ನನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ಕೆನ್ನೆಗೆ ಎರಡು ಬಿಗಿದಿದ್ದರೂ ಸಮಾಧಾನವಾಗುತ್ತಿತ್ತು. ಅವರು ಒಪ್ಪಿಗೆ ಪತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಬಟ್ಟೆಯ ಸುಕ್ಕು ತೆಗೆಯುವ ಹಾಗೆ ಅಂಗೈಯಿಂದ ಸವರುತ್ತಿದ್ದರು.

“ನಂಗೆ ಹೊಲಿಗೆ ಬಿಟ್ರೆ ಏನೂ ಗೊತ್ತಿಲ್ಲಪ್ಪ. ನೀನು ಓದಿದವನು. ಹೇಗೆ ಯೋಚನೆ ಮಾಡ್ಬೇಕು ಅಂತ ಊರಿಗೆಲ್ಲಾ ಹೇಳ್ಕೊಡ್ತೀಯ. ಹೇಳು, ಸಹಿ ಹಾಕ್ಲಾ, ಬೇಡ್ವಾ?”

ಆ ಕಾರಣ, ಈ ಕಾರಣ ಎಂದು ಜೋಡಿಸಲು ನೋಡಿದೆ. ಚಿಕ್ಕಂದಿನಲ್ಲಿ ಶಾಲೆಗೆ ಹೊರಟಾಗ ಅವಳು ನನ್ನ ತಲೆ ಬಾಚುತ್ತಿದ್ದದ್ದು ಮಾತ್ರ ಕಣ್ಣಿಗೆ ಕಟ್ಟಿತು. ಗೋಡೆ ಗಡಿಯಾರದಲ್ಲಿ ಇಪ್ಪತ್ತೈದು ನಿಮಿಷ ಕಳೆದಿತ್ತು.

“ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ ಭಾವ” ಅಂದೆ.

ಭಾವ ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ.

“ಅವಳಿಗೂ ಇಷ್ಟು ಹೇಳಿದ್ರೆ ಸಾಕಿತ್ತಲ್ಲಯ್ಯಾ” ಅಂದು, ಪೆನ್ನು ಹುಡುಕಿಕೊಂಡು ಒಬ್ಬರೇ ಒಳಗೆ ಹೋದರು.